ಏಳು ನಂಬರ್ ಐರನ್ ಎಷ್ಟು ಡಿಗ್ರಿ? ಬೆಳಗಾವಿಯ ಗಾಲ್ಫ್ ಆಟಗಾರರಿಗೆ ಲಾಫ್ಟ್ ಮತ್ತು ಫಿಟ್ಟಿಂಗ್ ಮಾರ್ಗದರ್ಶಿ

ಬೆಳಗಾವಿಯಲ್ಲಿ ಗಾಲ್ಫ್ ಮೈದಾನ ಇದೆ ಅನ್ನೋದು ಹೊರಗಿನ ಬಹಳ ಜನಕ್ಕೆ ಗೊತ್ತಾಗಿದ್ದೇ 2022ರ ಆಗಸ್ಟ್‌ನಲ್ಲಿ. ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆ ಮೈದಾನದ ಗಿಡಗಂಟಿಯೊಳಗೆ ಸೇರಿಕೊಂಡಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದರು. ಅಲ್ಲಿ ಆಡುವವರಿಗೆ ಮಾತ್ರ ಚಿರತೆಗಿಂತ ಹಳೆಯ ತಲೆನೋವು ಒಂದಿದೆ. ಇಬ್ಬರು ಒಂದೇ ಜಾಗದಲ್ಲಿ ನಿಂತು ಏಳು ನಂಬರ್ ಐರನ್, ಅಂದರೆ ಮಧ್ಯಮ ದೂರಕ್ಕೆ ಬಳಸುವ ಲೋಹದ ತಲೆಯ ಕ್ಲಬ್ (ಗಾಲ್ಫ್ ಕೋಲು) ಹಿಡಿದು ಹೊಡೆಯುತ್ತಾರೆ. ಒಬ್ಬರ ಚೆಂಡು 130 ಯಾರ್ಡ್‌ಗೆ ಬೀಳುತ್ತದೆ, ಇನ್ನೊಬ್ಬರದು 150 ದಾಟುತ್ತದೆ. ಕಡಿಮೆ ಹೋದವರು ಮನೆಗೆ ಹೋಗಿ ಯೂಟ್ಯೂಬಿನಲ್ಲಿ ಸ್ವಿಂಗ್ ಪಾಠ ನೋಡಲು ಕೂರುತ್ತಾರೆ. ಎಷ್ಟೋ ಸಲ ಸ್ವಿಂಗಿನ ತಪ್ಪೇ ಇರೋದಿಲ್ಲ. ಎರಡೂ ಕ್ಲಬ್ ಮೇಲೆ 7 ಅಂತ ಬರೆದಿದೆ ಅಷ್ಟೇ, ಕ್ಲಬ್ ಬೇರೆ ಬೇರೆ.

ಆ ವ್ಯತ್ಯಾಸ ಅಳೆದು ನೋಡೋದು ಹೇಗೆ, ಆಮೇಲೆ ನಿಮ್ಮ ಮೈಗೆ, ನಿಮ್ಮ ಸ್ವಿಂಗಿಗೆ ಕ್ಲಬ್ ಫಿಟ್ ಮಾಡಿಸೋದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಅಂಗಡಿಯ ಮಾತು ಬರೋದು ಏಳನೇ ಹೆಜ್ಜೆಯಲ್ಲಿ. ಅದಕ್ಕೂ ಮುಂಚಿನ ಆರು ಹೆಜ್ಜೆಗೆ ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜನ ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ, ಮೊದಲು ದುಡ್ಡು ಕೊಟ್ಟು ಆಮೇಲೆ ಯೋಚಿಸುತ್ತಾರೆ.

ಹೆಜ್ಜೆ 1: ಲಾಫ್ಟ್ ಯಾವುದು ಅಂತ ಕಣ್ಣಿಂದ ನೋಡಿ

ಕ್ಲಬ್ಬನ್ನು ನೆಲದ ಮೇಲೆ ನೆಟ್ಟಗೆ ಇಟ್ಟು, ತುದಿಯ ಕಡೆಯಿಂದ, ಅಂದರೆ ಟೋ ಕಡೆಯಿಂದ ನೋಡಿ. ಶಾಫ್ಟ್, ಅಂದರೆ ಕ್ಲಬ್ಬಿನ ಉದ್ದ ದಂಡ, ನೇರ ಮೇಲಕ್ಕೆ ಹೋಗುತ್ತದೆ. ಚೆಂಡಿಗೆ ತಾಗುವ ಫೇಸ್ ಹಿಂದಕ್ಕೆ ವಾಲಿರುತ್ತದೆ. ಆ ವಾಲಿಕೆಯೇ ಲಾಫ್ಟ್. ಅದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಚೆಂಡನ್ನು ಉರುಳಿಸಿ ಗುಳಿಗೆ ಹಾಕುವ ಪಟ್ಟರ್‌ಗೂ ಲಾಫ್ಟ್ ಇರುತ್ತದೆ, 2ರಿಂದ 4 ಡಿಗ್ರಿ. ಎಲ್ಲಕ್ಕಿಂತ ದೂರ ಹೊಡೆಯುವ ಡ್ರೈವರ್ ಸಾಮಾನ್ಯವಾಗಿ 9ರಿಂದ 12, ಅದರ ನಂತರದ ದೂರಕ್ಕೆ ಬಳಸುವ ಮೂರು ನಂಬರ್ ವುಡ್ 15ರ ಆಸುಪಾಸು. ಹತ್ತಿರದ ಹೊಡೆತಕ್ಕೆ ಬಳಸುವ ವೆಜ್‌ಗಳಲ್ಲಿ ಸ್ಯಾಂಡ್ ವೆಜ್ 54ರಿಂದ 56, ಲಾಬ್ ವೆಜ್ 58ರಿಂದ 60.

ಲಾಫ್ಟ್ ಜಾಸ್ತಿಯಾದಷ್ಟೂ ಚೆಂಡು ಮೇಲಕ್ಕೆ ಏಳುತ್ತದೆ, ಹಿಂದಕ್ಕೆ ಜಾಸ್ತಿ ಸುತ್ತುತ್ತದೆ, ಬಿದ್ದಲ್ಲಿ ಬೇಗ ನಿಲ್ಲುತ್ತದೆ, ದೂರ ಕಡಿಮೆ. ಲಾಫ್ಟ್ ಕಡಿಮೆಯಾದರೆ ಚೆಂಡು ತಗ್ಗಿನಲ್ಲಿ ಹಾರಿ ಬಿದ್ದ ಮೇಲೂ ಓಡುತ್ತದೆ. ಒಂದು ಮಾತು ಮಾತ್ರ ಆಗಲೇ ನೆನಪಿಟ್ಟುಕೊಳ್ಳಿ: ನಿಧಾನ ಸ್ವಿಂಗಿನವರು ಲಾಫ್ಟ್ ತೀರಾ ಕಡಿಮೆ ಮಾಡಿದರೆ ದೂರ ಹೆಚ್ಚೋದಿಲ್ಲ, ಕಡಿಮೆಯಾಗುತ್ತದೆ. ಚೆಂಡು ಗಾಳಿಯಲ್ಲಿ ನಿಲ್ಲುವಷ್ಟು ಮೇಲೇಳುವುದೇ ಇಲ್ಲ.

ಹೆಜ್ಜೆ 2: ಕ್ಲಬ್ ಮೇಲಿನ ನಂಬರ್ ನಂಬಬೇಡಿ

ಐರನ್ ಮೇಲಿನ 5, 7, 9 ಯಾವ ಅಳತೆಯೂ ಅಲ್ಲ. ಅದು ಸೆಟ್ಟಿನೊಳಗಿನ ಕ್ರಮಸಂಖ್ಯೆ. ಒಂದು ಕಂಪನಿಯ 8ನೇ ಸೈಜಿನ ಚಪ್ಪಲಿ ಇನ್ನೊಂದು ಕಂಪನಿಯ 9ರಷ್ಟು ಇರೋದಿಲ್ವಾ, ಅದೇ ಕಥೆ. ಚಪ್ಪಲಿಯನ್ನಾದರೂ ಹಾಕಿ ನೋಡಿ ತರುತ್ತೇವೆ.

1980ರ ದಶಕದ ಸೆಟ್ಟುಗಳಲ್ಲಿ ಏಳು ನಂಬರ್ ಐರನ್ 36 ಡಿಗ್ರಿಯ ಆಸುಪಾಸು ಇರುವುದು ಮಾಮೂಲು. ಈಗಿನ ಟೈಟ್ಲಿಸ್ಟ್ ಟಿ100ನಲ್ಲಿ ಅದು 34. ಟೇಲರ್‌ಮೇಡ್ ಪಿ790ಯಲ್ಲಿ 30.5. ಅದೇ ಟೇಲರ್‌ಮೇಡ್ 2022ರಲ್ಲಿ ತಂದ ಸ್ಟೆಲ್ತ್ ಐರನ್‌ನಲ್ಲಿ 28. ಅಂದರೆ ಸ್ಟೆಲ್ತ್‌ನ ಏಳು ನಂಬರ್, ಅಪ್ಪನ ಕಾಲದ ಸೆಟ್ಟಿನ ಐದು ನಂಬರ್‌ಗೆ ಹೆಚ್ಚುಕಡಿಮೆ ಸಮ. "ನಾನು ಏಳು ನಂಬರ್‌ನಲ್ಲೇ 160 ಹೊಡೀತೀನಿ" ಅಂತ ಯಾರಾದರೂ ಹೇಳಿದರೆ ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಎಷ್ಟು ಡಿಗ್ರಿ ಅಂತ ಕೇಳಿ.

ಇದರಲ್ಲಿ ಕಂಪನಿಗಳ ಮೋಸವೇ ಇದೆ ಅನ್ನೋದೂ ಸರಿಯಲ್ಲ. ಈಗಿನ ಐರನ್‌ಗಳಲ್ಲಿ ತೂಕವನ್ನು ತಳಕ್ಕೆ ಇಳಿಸಿರುತ್ತಾರೆ, ಫೇಸ್ ತೆಳ್ಳಗೆ ಇರುತ್ತದೆ. ಹಳೇ ಲಾಫ್ಟನ್ನೇ ಇಟ್ಟರೆ ಚೆಂಡು ಬೇಕಿಲ್ಲದಷ್ಟು ಎತ್ತರ ಹೋಗುತ್ತದೆ. ಅದಕ್ಕೆ ಡಿಗ್ರಿ ಇಳಿಸುತ್ತಾರೆ. ಆದರೆ ಅಂಗಡಿಯಲ್ಲಿ ಹೊಸ ಕ್ಲಬ್ "ದೂರ ಹೋಯ್ತು" ಅಂತ ಕಂಡರೆ ಮಾರಾಟ ಸಲೀಸು ಅನ್ನೋದೂ ಅವರಿಗೆ ಗೊತ್ತು. ನನ್ನ ಪ್ರಕಾರ ಎರಡೂ ಅರ್ಧರ್ಧ.

ಹೆಜ್ಜೆ 3: ನಿಮ್ಮ ಬ್ಯಾಗಿನ ಐರನ್‌ಗಳನ್ನು ಅಳೆಯಿರಿ

ಕ್ಲಬ್ಬಿನ ಮಾಡೆಲ್ ಹೆಸರು ಗೊತ್ತಿದ್ದರೆ ಕಂಪನಿಯ ಪಟ್ಟಿಯಲ್ಲಿ ಲಾಫ್ಟ್ ಸಿಗುತ್ತದೆ. ಅಲ್ಲಿಂದ ಶುರು ಮಾಡಿ. ಆದರೆ ನಮ್ಮ ಕಡೆ ಎಷ್ಟೋ ಬ್ಯಾಗುಗಳಲ್ಲಿ ಇರೋದು ಯಾರೋ ಕೊಟ್ಟಿದ್ದು, ದುಬೈಯಿಂದ ಬಂದವರು ತಂದಿದ್ದು, ರಿಟೈರ್ ಆಗಿ ಊರಿಗೆ ಹೊರಟ ಅಧಿಕಾರಿ ಬಿಟ್ಟುಹೋಗಿದ್ದು. ಅಂಥ ಸೆಟ್ಟಿನಲ್ಲಿ ನಾಲ್ಕು ಕೈ ಬದಲಾಗುವಾಗ ಯಾರು ಏನು ಬಗ್ಗಿಸಿದ್ದಾರೋ. ಬಡಿದು ಮಾಡಿದ, ಅಂದರೆ ಫೋರ್ಜ್ಡ್, ಮೆತ್ತನೆಯ ಐರನ್ ಆದರೆ ಗಟ್ಟಿ ನೆಲಕ್ಕೆ ಬಡಿದೂ ಬಡಿದೂ ಒಂದೆರಡು ಡಿಗ್ರಿ ತಾನಾಗಿ ಸರಿದಿರುತ್ತದೆ. ಅಳೆಯೋದೇ ಒಳ್ಳೇದು.

ಬೆಳಗಾವಿಯವರಿಗೆ ಈ ವಿಷಯದಲ್ಲಿ ಅನುಕೂಲ ಇದೆ. ಉದ್ಯಮಬಾಗ್ ಕಡೆ ಫೌಂಡ್ರಿಗೆ, ಮಷಿನ್ ಶಾಪ್‌ಗೆ ಬರವಿಲ್ಲ. ಅಲ್ಲಿ ಪರಿಚಯದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಬೇಕಾಗಿರೋದು ಎರಡೇ ಸಾಮಾನು: ಸಪಾಟಾದ ಸರ್ಫೇಸ್ ಪ್ಲೇಟ್, ಮತ್ತೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಿಜಿಟಲ್ ಆಂಗಲ್ ಗೇಜ್. ಊಟದ ಹೊತ್ತಿನಲ್ಲಿ ಹೋದರೆ ಯಾರಿಗೂ ತೊಂದರೆ ಇಲ್ಲ.

ಮೊದಲು ಗೇಜನ್ನು ಪ್ಲೇಟ್ ಮೇಲೆ ಇಟ್ಟು ಸೊನ್ನೆ ಮಾಡಿ. ಐರನ್ನನ್ನು ಆಡುವಾಗ ಇಡುವ ಹಾಗೆ ಪ್ಲೇಟ್ ಮೇಲೆ ಕೂರಿಸಿ, ಫೇಸಿನ ಗೆರೆಗಳು ಪ್ಲೇಟಿಗೆ ಸಮಾನಾಂತರ ಇರಲಿ. ಇನ್ನೊಬ್ಬರು ಗ್ರಿಪ್ (ಹಿಡಿಕೆ) ಹಿಡಿದುಕೊಳ್ಳಲಿ. ನೀವು ಟೋ ಕಡೆಯಿಂದ ಕುಳಿತು ನೋಡಿ: ಶಾಫ್ಟ್ ಗುರಿಯ ಕಡೆಗೂ ವಾಲಬಾರದು, ಹಿಂದಕ್ಕೂ ವಾಲಬಾರದು. ದಾರಕ್ಕೆ ಒಂದು ನಟ್ ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ನೇರ ಇದೆಯೋ ಇಲ್ಲವೋ ತಿಳಿಯುತ್ತದೆ. ಎಲ್ಲಾ ಗಡಿಬಿಡಿ ಇಲ್ಲೇ, ಎರಡು ಡಿಗ್ರಿ ತಪ್ಪೋದು ಈ ಹಂತದಲ್ಲೇ. ಈಗ ಗೇಜನ್ನು ಫೇಸಿನ ನಟ್ಟನಡುವೆ, ಗೆರೆಗಳಿಗೆ ಅಡ್ಡಲಾಗಿ ಒತ್ತಿ ಹಿಡಿಯಿರಿ. 59 ತೋರಿಸಿತು ಅಂತಿಟ್ಟುಕೊಳ್ಳಿ. 90ರಲ್ಲಿ 59 ಕಳೆದರೆ 31. ಅದೇ ಆ ಕ್ಲಬ್ಬಿನ ಲಾಫ್ಟ್. ಮೂರು ಸಲ ಎತ್ತಿ ಇಟ್ಟು ಅಳೆದು ಸರಾಸರಿ ತೆಗೆಯಿರಿ. ಒಂದು ಡಿಗ್ರಿ ಆಚೆ ಈಚೆ ಆಗಬಹುದು. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಡ್ರೈವರ್‌, ವುಡ್‌ಗೆ ಈ ವಿಧಾನ ನಡೆಯೋದಿಲ್ಲ. ಅವುಗಳ ಫೇಸ್ ಸಪಾಟಾಗಿರೋದಿಲ್ಲ, ಉಬ್ಬಿರುತ್ತದೆ. ಗೇಜ್ ಎಲ್ಲಿ ಇಟ್ಟರೆ ಅಲ್ಲಿನ ಡಿಗ್ರಿ ಹೇಳುತ್ತದೆ.

ಅಳೆಯುವುದು ಮುಗಿದ ಮೇಲೆ ಮಷಿನ್ ಶಾಪಿನ ಅಣ್ಣ ಹೇಳುವ ಮಾತೂ ನನಗೆ ಗೊತ್ತು: "ಡಿಗ್ರಿ ಕಡಿಮಿ ಇದ್ರ ಹೇಳ್ರಿ ಸರ, ವೈಸ್‌ನ್ಯಾಗ ಹಿಡದು ಬಗ್ಗಿಸಿ ಕೊಡ್ತೀನಿ." ಚಹಾ ಕುಡಿದು, ಥ್ಯಾಂಕ್ಸ್ ಹೇಳಿ, ಕ್ಲಬ್ ವಾಪಸ್ ತಗೊಂಡು ಬನ್ನಿ. ಯಾಕೆ ಅನ್ನೋದು ಎಂಟನೇ ಹೆಜ್ಜೆಯಲ್ಲಿದೆ.

ಹೆಜ್ಜೆ 4: ಅಂತರ ಬರೆಯಿರಿ

ಒಂದು ಹಾಳೆಯಲ್ಲಿ ಎಲ್ಲಾ ಕ್ಲಬ್ಬುಗಳ ಡಿಗ್ರಿಯನ್ನು ಕಡಿಮೆಯದರಿಂದ ಜಾಸ್ತಿಯದಕ್ಕೆ ಒಂದರ ಕೆಳಗೊಂದು ಬರೆಯಿರಿ. ಪಕ್ಕದಲ್ಲಿ ನಿಮ್ಮ ಸಾಮಾನ್ಯ ದೂರ ಬರೆಯಿರಿ. ಬೀಳುವ ಜಾಗದವರೆಗಿನ ದೂರ, ಅಂದರೆ ಕ್ಯಾರಿ. ಓಡಿದ್ದು ಲೆಕ್ಕಕ್ಕಿಲ್ಲ. ಜೀವನದಲ್ಲಿ ಒಂದು ಸಲ ಹೊಡೆದ ಅದ್ಭುತ ಹೊಡೆತವೂ ಲೆಕ್ಕಕ್ಕಿಲ್ಲ.

ಐರನ್ ಐರನ್ ನಡುವೆ ಸುಮಾರು 4 ಡಿಗ್ರಿ, ವೆಜ್‌ಗಳ ಕಡೆ 4ರಿಂದ 6 ಡಿಗ್ರಿ ಅಂತರ ಇದ್ದರೆ ಚಂದ. 4 ಡಿಗ್ರಿಗೆ ಹತ್ತು ಹನ್ನೆರಡು ಯಾರ್ಡ್ ವ್ಯತ್ಯಾಸ ಬರುತ್ತದೆ. ಸ್ವಿಂಗ್ ನಿಧಾನ ಇದ್ದರೆ ಇನ್ನೂ ಕಡಿಮೆ.

ಈಗ ಬೆಳಗಾವಿಯಲ್ಲಿ ಎಷ್ಟೋ ಬ್ಯಾಗಿನಲ್ಲಿ ಕಾಣುವ ಒಂದು ತೂತನ್ನು ನೋಡೋಣ. ಆಟಗಾರರು ಹೊಸ ಐರನ್ ಸೆಟ್ ತಗೊಂಡರು, ಪಿಚಿಂಗ್ ವೆಜ್‌ವರೆಗೆ. ಸ್ಯಾಂಡ್ ವೆಜ್ ಮಾತ್ರ ಹಳೇದೇ ಇದೆ, 56 ಡಿಗ್ರಿಯದು, ಅದರ ಮೇಲೆ ಪ್ರೀತಿ. ಹಳೇ ಸೆಟ್ಟಿನಲ್ಲಿ ಪಿಚಿಂಗ್ ವೆಜ್ 48 ಡಿಗ್ರಿ ಇತ್ತು. 48ಕ್ಕೂ 56ಕ್ಕೂ 8 ಡಿಗ್ರಿ, ಹೇಗೋ ನಡೆಯುತ್ತಿತ್ತು. ಹೊಸ ಸೆಟ್ಟಿನ ಪಿಚಿಂಗ್ ವೆಜ್ 43. ಈಗ ನಡುವೆ 13 ಡಿಗ್ರಿ ಖಾಲಿ. ಪಿಚಿಂಗ್ ವೆಜ್ 110 ಯಾರ್ಡ್ ಹೋದರೆ ಸ್ಯಾಂಡ್ ವೆಜ್ 75ಕ್ಕೆ ನಿಲ್ಲುತ್ತದೆ. 90 ಯಾರ್ಡ್ ಬಂತು ಅಂದರೆ ಒಂದನ್ನು ಅರ್ಧ ಹೊಡೀಬೇಕು, ಇಲ್ಲ ಇನ್ನೊಂದನ್ನು ಮೈಮುರಿದು ಹೊಡೀಬೇಕು. ಬ್ಯಾಗ್ ಹೊರುವ ಕ್ಯಾಡಿ ಪಾಪ "ಸಾಹೇಬ್ರ, ಯಾವ್ದು ಕೊಡ್ಲಿ?" ಅಂತ ಎರಡೂ ಹಿಡಿದು ನಿಲ್ಲುತ್ತಾನೆ. ಮತ್ತೆ ಮತ್ತೆ ಬರುವ ದೂರವೇ ಅದು, 80ರಿಂದ 100. ಈ ತೂತು ಮುಚ್ಚಲು 49 ಅಥವಾ 50 ಡಿಗ್ರಿಯ ಒಂದೇ ವೆಜ್ ಸಾಕು. ಪೂರ್ತಿ ಸೆಟ್ ಬದಲಿಸುವ ಮುಂಚೆ ಈ ಒಂದು ಕ್ಲಬ್ ತಗೊಳ್ಳಿ ಅಂತ ನಾನು ಹೇಳೋದು ಅದಕ್ಕೇ.

ಹಾಳೆಯ ಮೇಲಿನ ತುದಿಯಲ್ಲಿ ಇದರ ಉಲ್ಟಾ ಇರುತ್ತದೆ. ನಾಲ್ಕು ನಂಬರ್ ಐರನ್‌, ಐದು ನಂಬರ್ ಐರನ್‌, ಹೈಬ್ರಿಡ್ (ಐರನ್, ವುಡ್ ಎರಡನ್ನೂ ಬೆರೆಸಿದಂಥ ಕ್ಲಬ್), ಮೂರೂ ಒಂದೇ ದೂರ ಹೋಗುತ್ತಿರುತ್ತವೆ. ಹಾಗಿದ್ದರೆ ಒಂದೆರಡನ್ನು ತೆಗೆದುಬಿಡಿ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್ ಮೀರುವಂತಿಲ್ಲ, ಆದರೆ 14 ತುಂಬಿಸಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಹೆಜ್ಜೆ 5: ನಮ್ಮ ನೆಲ, ನಮ್ಮ ಮಳೆ

ವೆಜ್ ತಳದಲ್ಲಿ 56.10 ಅಥವಾ 54.14 ಅಂತ ಬರೆದಿರುತ್ತದೆ. ಮೊದಲನೆಯದು ಲಾಫ್ಟ್, ಎರಡನೆಯದು ಬೌನ್ಸ್. ಕ್ಲಬ್ಬಿನ ತಳದ ಹಿಂಭಾಗ ಮುಂದಿನ ಅಂಚಿಗಿಂತ ಎಷ್ಟು ಕೆಳಗೆ ಇಳಿದಿದೆ ಅನ್ನುವ ಕೋನ ಅದು. ಬೌನ್ಸ್ ಜಾಸ್ತಿ ಇದ್ದರೆ ಕ್ಲಬ್ ಮಣ್ಣಿನೊಳಗೆ ಹೂತುಕೊಳ್ಳದೆ ಜಾರಿ ಮುಂದೆ ಹೋಗುತ್ತದೆ. ಕಡಿಮೆ ಇದ್ದರೆ ಗಟ್ಟಿ ನೆಲದಲ್ಲೂ ಅಂಚು ಚೆಂಡಿನ ಕೆಳಗೆ ಹೋಗುತ್ತದೆ. ಸುಮಾರು 6ರವರೆಗೆ ಕಡಿಮೆ, 7ರಿಂದ 10 ಮಧ್ಯಮ, ಅದಕ್ಕಿಂತ ಮೇಲೆ ಜಾಸ್ತಿ ಅಂತ ಲೆಕ್ಕ.

ಬೆಳಗಾವಿಯಲ್ಲಿ ಎರಡು ಊರುಗಳಿವೆ ಅಂದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು, ಏಪ್ರಿಲ್ ಮೇ ಇನ್ನೊಂದು. ಮಳೆಗಾಲದಲ್ಲಿ ಕೆಂಪು ಮಣ್ಣು ನೀರು ಕುಡಿದು ಮೆತ್ತಗಾಗುತ್ತದೆ. ಚೆಂಡು ಬಿದ್ದಲ್ಲೇ ಕೂರುತ್ತದೆ, ಕಡಿಮೆ ಬೌನ್ಸಿನ ವೆಜ್ ಮಣ್ಣು ಅಗೆಯುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಗಟ್ಟಿಯಾಗಿ, ಜಾಸ್ತಿ ಬೌನ್ಸಿನ ಕ್ಲಬ್ ಟಣ್ಣನೆ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ. ಎರಡಕ್ಕೂ ಒಂದೇ ವೆಜ್ ಬೇಕು ಅಂದರೆ 10ರ ಆಸುಪಾಸು ಇರಲಿ. ಎರಡು ಇಟ್ಟುಕೊಳ್ಳುವವರು 54 ಡಿಗ್ರಿಯದನ್ನು ಜಾಸ್ತಿ ಬೌನ್ಸಿನಲ್ಲಿ, 58ರದನ್ನು ಕಡಿಮೆ ಬೌನ್ಸಿನಲ್ಲಿ ತಗೊಂಡರೆ ವರ್ಷವಿಡೀ ನಡೆಯುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಎರೆಮಣ್ಣಿನಲ್ಲಿ ಅಭ್ಯಾಸ ಮಾಡುವವರಿಗೆ ಈ ವ್ಯತ್ಯಾಸ ಇನ್ನೂ ಜೋರು. ಒಣಗಿದರೆ ಕಲ್ಲು, ನೆನೆದರೆ ಅಂಟು.

ಎತ್ತರದ ಮಾತೂ ಇದೆ. ನಾವಿರೋದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಗಾಳಿ ಸ್ವಲ್ಪ ತೆಳು, ಚೆಂಡು ನೂರಕ್ಕೆ ಎರಡು ಮೂರರಷ್ಟು ಹೆಚ್ಚು ದೂರ ಹೋಗುತ್ತದೆ. 150 ಯಾರ್ಡಿಗೆ ಮೂರ್ನಾಲ್ಕು ಯಾರ್ಡ್. ಗೋವಾಕ್ಕೆ ಹೋಗಿ ಆಡಿದರೆ ಅಷ್ಟು ಕಡಿಮೆಯಾಗುತ್ತದೆ. ಇದಕ್ಕಾಗಿ ಲಾಫ್ಟ್ ಬದಲಿಸಬೇಕಿಲ್ಲ, ಫಿಟ್ಟಿಂಗ್ ರಿಪೋರ್ಟ್ ಓದುವಾಗ ನೆನಪಿದ್ದರೆ ಸಾಕು.

ಹೆಜ್ಜೆ 6: ಮನೆಯಲ್ಲೇ ಆಗುವ ಮೂರು ಪರೀಕ್ಷೆ

ಲಾಫ್ಟ್ ಒಂದೇ ಸರಿ ಇದ್ದರೆ ಆಗಲಿಲ್ಲ. ಉದ್ದ, ಲೈ, ಗ್ರಿಪ್ ತಪ್ಪಿದ್ದರೆ ಲಾಫ್ಟ್ ಸರಿ ಇದ್ದೂ ಉಪಯೋಗವಿಲ್ಲ.

ಉದ್ದಕ್ಕೆ: ಆಡುವ ಶೂ ಹಾಕಿಕೊಂಡು ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ಮಣಿಕಟ್ಟಿನಿಂದ ನೆಲದವರೆಗೆ ಮನೆಯವರಿಂದ ಅಳೆಸಿ. ಎತ್ತರವನ್ನೂ ಬರೆದಿಡಿ. ಈ ಎರಡು ಅಳತೆಯಿಂದಲೇ ಫಿಟ್ಟರ್ ಲೆಕ್ಕ ಶುರು ಮಾಡುತ್ತಾರೆ. ಎತ್ತರದವರಿಗೆಲ್ಲ ಉದ್ದ ಕ್ಲಬ್ ಬೇಕು ಅಂತ ಇಲ್ಲ, ಕೈಯೂ ಉದ್ದ ಇರಬಹುದು.

ಲೈ ಅಂದರೆ ಶಾಫ್ಟ್ ನೆಲದಿಂದ ಮೇಲೇಳುವ ಕೋನ. ಏಳು ನಂಬರ್‌ನಲ್ಲಿ ಅದು 62 ಡಿಗ್ರಿಯ ಹತ್ತಿರ ಇರುತ್ತದೆ. ಇದನ್ನು ನೋಡಲು ವೈಟ್‌ಬೋರ್ಡ್ ಮಾರ್ಕರ್ ಒಂದು ಸಾಕು. ಚೆಂಡಿನ ಮೇಲೆ ದಪ್ಪ ಗೆರೆ ಎಳೆಯಿರಿ. ಗೆರೆ ನೇರ ನಿಲ್ಲುವ ಹಾಗೆ, ಕ್ಲಬ್ ತಾಗುವ ಕಡೆಗೆ ಇರುವ ಹಾಗೆ ಚೆಂಡು ಇಡಿ. ಹೊಡೆಯಿರಿ. ಶಾಯಿ ಫೇಸಿಗೆ ಅಂಟಿರುತ್ತದೆ. ಆ ಗೆರೆ ಫೇಸಿನ ಗೆರೆಗಳಿಗೆ ನೇರ ಅಡ್ಡಲಾಗಿದ್ದರೆ ಲೈ ಸರಿ. ಗೆರೆಯ ಮೇಲ್ತುದಿ ಟೋ ಕಡೆಗೆ ವಾಲಿದ್ದರೆ ಕ್ಲಬ್ ನಿಮಗೆ ತೀರಾ ನೆಟ್ಟಗಿದೆ, ಬಲಗೈ ಆಟಗಾರರಾದರೆ ಚೆಂಡು ಎಡಕ್ಕೆ ಎಳೆಯುತ್ತದೆ. ಹಿಮ್ಮಡಿ ಕಡೆಗೆ, ಅಂದರೆ ಹೀಲ್ ಕಡೆಗೆ ವಾಲಿದ್ದರೆ ಕ್ಲಬ್ ಮಲಗಿದೆ, ಚೆಂಡು ಬಲಕ್ಕೆ ಹೋಗುತ್ತದೆ. ಒಂದು ಹೊಡೆತ ನೋಡಿ ತೀರ್ಮಾನ ಮಾಡಬೇಡಿ, ಒರೆಸಿ ಒರೆಸಿ ಹತ್ತು ಹೊಡೆಯಿರಿ. ವರ್ಷಗಟ್ಟಲೆ "ನನ್ನದು ಎಡಕ್ಕೇ ಹೋಗುತ್ತೆ" ಅಂತ ಕೈ ತಿರುಗಿಸಿ ತಿರುಗಿಸಿ ಆಡುವವರಲ್ಲಿ ಕೆಲವರಿಗೆ ಈ ಶಾಯಿ ಗೆರೆ ಉತ್ತರ ಕೊಡುತ್ತದೆ.

ಗ್ರಿಪ್ ಸುಲಭ. ಎಡಗೈಯಲ್ಲಿ ಹಿಡಿದಾಗ ಮಧ್ಯದ ಎರಡು ಬೆರಳ ತುದಿ ಹೆಬ್ಬೆರಳ ಬುಡಕ್ಕೆ ಸುಮ್ನೆ ತಾಗಬೇಕು. ಒತ್ತಿದರೆ ಗ್ರಿಪ್ ಸಣ್ಣ, ತಾಗದಿದ್ದರೆ ದಪ್ಪ. ರಬ್ಬರ್ ಹೊಳೆಯುತ್ತಿದ್ದರೆ ಅಳತೆ ಏನೇ ಇರಲಿ, ಬದಲಿಸಿ.

ಹೊಸದಾಗಿ ಕಲಿಯುತ್ತಿರುವವರು ಇಲ್ಲಿಗೇ ನಿಲ್ಲಬಹುದು. ಸ್ವಿಂಗ್ ವಾರ ವಾರ ಬದಲಾಗುವಾಗ ಪೂರ್ತಿ ಫಿಟ್ಟಿಂಗ್ ದಂಡ. ಉದ್ದ, ಗ್ರಿಪ್, ಒಂದು ಹಗುರ ಶಾಫ್ಟ್, ಇಷ್ಟು ಸರಿ ಇದ್ದರೆ ಮೊದಲ ವರ್ಷ ಕಳೆಯುತ್ತದೆ. ಮಕ್ಕಳಿಗೆ ದೊಡ್ಡವರ ಕ್ಲಬ್ ಕತ್ತರಿಸಿ ಕೊಡಬೇಡಿ. ಕತ್ತರಿಸಿದ ಶಾಫ್ಟ್ ಕಬ್ಬಿಣದ ಸಲಾಕೆಯಷ್ಟು ಬಿರುಸಾಗುತ್ತದೆ, ತಲೆಯ ಭಾರ ಹಾಗೇ ಉಳಿಯುತ್ತದೆ.

ಹೆಜ್ಜೆ 7: ಫಿಟ್ಟಿಂಗ್ ದಿನ

ಲಾಂಚ್ ಮಾನಿಟರ್, ಅಂದರೆ ಹೊಡೆತ ಅಳೆಯುವ ಮಷಿನ್, ಇಟ್ಟುಕೊಂಡು ಫಿಟ್ ಮಾಡುವವರು ಬೇಕು ಅಂದರೆ ಬೆಂಗಳೂರು ಅಥವಾ ಪುಣೆ ಲೆಕ್ಕ ಹಾಕಿ. ಪುಣೆಗೆ ಹೆದ್ದಾರಿ ನೇರ, ಕಾರಿನ ಡಿಕ್ಕಿಯಲ್ಲಿ ಬ್ಯಾಗ್ ಹಾಕಿಕೊಂಡು ಹೋಗಬಹುದು. ಬೆಂಗಳೂರಿಗೆ ರಾತ್ರಿ ರಾಣಿ ಚೆನ್ನಮ್ಮ ಹತ್ತಿದರೆ ಬೆಳಗ್ಗೆ ಇಳಿಯುತ್ತೀರಿ. ಆದರೆ ಬರ್ತಿನಲ್ಲಿ ಮಲಗಿ ಎದ್ದ ಸೊಂಟದಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸ್ವಿಂಗ್ ಅಳೆಸಬೇಡಿ. ಅವತ್ತಿನ ನಿಮ್ಮ ಸ್ವಿಂಗ್ ನಿಮ್ಮದಲ್ಲ. ಮಧ್ಯಾಹ್ನದ ಸಮಯ ಕೇಳಿ. ಸಾಂಬ್ರಾದಿಂದ ವಿಮಾನದಲ್ಲಿ ಹೋಗುವವರು ಕ್ಲಬ್ಬುಗಳನ್ನು ಲಗೇಜಿಗೇ ಹಾಕಬೇಕು, ಕೈಯಲ್ಲಿ ಒಯ್ಯಲು ಬಿಡೋದಿಲ್ಲ.

ಜೊತೆಗೆ ಒಯ್ಯಬೇಕಾದ್ದು: ನಿಮ್ಮ ಹಳೇ ಏಳು ನಂಬರ್, ಡ್ರೈವರ್, ಒಂದು ವೆಜ್, ಆಡುವ ಶೂ, ನೀವು ಸಾಮಾನ್ಯವಾಗಿ ಆಡುವ ಚೆಂಡು, ನಾಲ್ಕನೇ ಹೆಜ್ಜೆಯ ಹಾಳೆ. ಆ ಹಾಳೆ ನೋಡಿದ ಕೂಡಲೇ ಫಿಟ್ಟರ್ ಮಾತಾಡುವ ಧಾಟಿ ಬದಲಾಗುತ್ತದೆ. ಬೆನ್ನುನೋವು, ಮಂಡಿನೋವು ಇದ್ದರೆ ಮುಂಚೆಯೇ ಹೇಳಿ.

ಒಳ್ಳೆಯ ಫಿಟ್ಟರ್ ಮೊದಲು ನಿಮ್ಮ ಕ್ಲಬ್ಬಿನಿಂದಲೇ ಹೊಡೆಸುತ್ತಾರೆ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ: ಮೊದಲು ತಲೆ, ಆಮೇಲೆ ಶಾಫ್ಟ್, ಆಮೇಲೆ ಉದ್ದ, ಲೈ. ಎಲ್ಲಾ ಒಟ್ಟಿಗೆ ಬದಲಿಸಿ "ನೋಡಿ ಸರ್, 15 ಯಾರ್ಡ್ ಜಾಸ್ತಿ" ಅಂದರೆ ಯಾವುದರಿಂದ ಜಾಸ್ತಿಯಾಯಿತು ಅಂತ ಕೇಳಿ. ಹೊಸ ಕ್ಲಬ್ಬಿನ ಲಾಫ್ಟ್ ನಿಮ್ಮದಕ್ಕಿಂತ 5 ಡಿಗ್ರಿ ಕಡಿಮೆ ಇದ್ದರೆ ಆ 15 ಯಾರ್ಡ್ ನಿಮ್ಮ ಬ್ಯಾಗಿನ ಆರು ನಂಬರ್‌ನಲ್ಲೂ ಇತ್ತು.

ಪರದೆಯ ಮೇಲೆ ಹತ್ತಾರು ಅಂಕಿ ಓಡುತ್ತವೆ. ನೀವು ನೋಡಬೇಕಾದ್ದು ಕೆಲವೇ. ಕ್ಯಾರಿ. ಸ್ಪಿನ್, ಏಳು ನಂಬರ್‌ಗೆ ನಿಮಿಷಕ್ಕೆ ಸುಮಾರು 6000ದಿಂದ 7000 ಸುತ್ತು ಇದ್ದರೆ ಒಳ್ಳೇದು. ತೀರಾ ಇಳಿದರೆ ಚೆಂಡು ಗ್ರೀನ್, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಮೇಲೆ ನಿಲ್ಲೋದಿಲ್ಲ. ಇಳಿಯುವ ಕೋನ, 45 ಡಿಗ್ರಿಯ ಹತ್ತಿರ ಇರಬೇಕು. ಕೊನೆಯದು ಚೆಂಡುಗಳು ಎಷ್ಟು ಅಗಲಕ್ಕೆ ಚೆದುರಿವೆ ಅನ್ನೋದು. ನನ್ನ ಕೇಳಿದರೆ ಈ ಕೊನೆಯದಕ್ಕೇ ಹೆಚ್ಚು ಬೆಲೆ. ಐದು ಯಾರ್ಡ್ ಕಡಿಮೆ ಹೋಗಿ ಹತ್ತು ಯಾರ್ಡ್ ಕಡಿಮೆ ಚೆದುರಿದರೆ ಆ ಕ್ಲಬ್ಬೇ ತಗೊಳ್ಳಿ.

ಇನ್ನೊಂದು ಅಂಕಿ ಇದೆ, ಡೈನಾಮಿಕ್ ಲಾಫ್ಟ್. ಕ್ಲಬ್ಬಿನಲ್ಲಿ ಇರುವ ಲಾಫ್ಟ್ ಬೇರೆ, ಚೆಂಡಿಗೆ ತಾಗುವ ಗಳಿಗೆಯಲ್ಲಿ ನೀವು ಕೊಡುವ ಲಾಫ್ಟ್ ಬೇರೆ. ಕೈ ಚೆಂಡಿಗಿಂತ ಮುಂದೆ ಇದ್ದರೆ 31 ಡಿಗ್ರಿಯ ಕ್ಲಬ್ 25 ಆಗಿ ತಾಗುತ್ತದೆ. ಮಣಿಕಟ್ಟು ಮೊದಲೇ ಬಿಚ್ಚಿಕೊಂಡು ಚೆಂಡನ್ನು ಎತ್ತಲು ಹೋದರೆ ಅದೇ ಕ್ಲಬ್ 34 ಆಗುತ್ತದೆ. ಇಬ್ಬರಿಗೂ ಒಂದೇ ಸೆಟ್ ಹೇಗೆ ಹೊಂದೀತು? ಕ್ಯಾಟಲಾಗ್ ನೋಡಿ ಕ್ಲಬ್ ತರಿಸುವುದರಲ್ಲಿ ಇರುವ ಕೊರತೆ ಇದೇ. ಫಿಟ್ಟಿಂಗಿಗೆ ಕೊಡುವ ದುಡ್ಡು ಹೆಚ್ಚಾಗಿ ಈ ಒಂದು ಅಂಕಿಗೆ ಕೊಡುವ ದುಡ್ಡು.

ಶಾಫ್ಟ್ ಎಷ್ಟು ಬಿರುಸು ಅಂತ ಹೇಳಲು ಅದರ ಮೇಲೆ ಬರೆಯುವ ಆರ್, ಎಸ್, ಎಕ್ಸ್ ಅಕ್ಷರಗಳಿಗೂ ಐರನ್ ನಂಬರಿನ ಗತಿಯೇ. ಎಲ್ಲಾ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ. ಮೊದಲು ತೂಕ ನೋಡಿ. ಸ್ಟೀಲ್ ಶಾಫ್ಟ್ 90ರಿಂದ 130 ಗ್ರಾಂವರೆಗೆ ಇರುತ್ತದೆ, ಗ್ರಾಫೈಟ್ ಅದಕ್ಕಿಂತ ಹಗುರ. ಹದಿನೆಂಟು ಹೋಲ್ ಮುಗಿಯುವಾಗ ತೋಳು ಸೋಲುತ್ತದೆ ಅನ್ನುವವರು ಮರ್ಯಾದೆಗೆ ಅಂಜಿ ಸ್ಟೀಲೇ ಹಿಡಿಯಬೇಕಿಲ್ಲ.

ಹೊರಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಮಷಿನ್ ದೂರ ತೋರಿಸುತ್ತಿರುವುದು ಸಮುದ್ರಮಟ್ಟದ ಲೆಕ್ಕದಲ್ಲೋ, ಇಲ್ಲಿನ ಎತ್ತರದ ಲೆಕ್ಕದಲ್ಲೋ? ಹೊಡೆಯುತ್ತಿರುವುದು ಮ್ಯಾಟ್ ಮೇಲಾದರೆ ವೆಜ್ ಬಗ್ಗೆ ಏನು ಮಾಡುತ್ತೀರಿ? ಮ್ಯಾಟ್ ಮೇಲೆ ಹಿಂದೆ ಬಡಿದ ಹೊಡೆತವೂ ಜಾರಿ ಚೆಂಡಿಗೆ ತಾಗಿ ಚೆನ್ನಾಗಿಯೇ ಕಾಣುತ್ತದೆ. ವೆಜ್‌ನ ಬೌನ್ಸ್ ಹುಲ್ಲಿನ ಮೇಲೆ ಹೊಡೆದು ಆರಿಸಬೇಕು. ಎಲ್ಲಾ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ಅಲ್ಲೇ ಆರ್ಡರ್ ಕೊಡಬೇಕು ಅನ್ನುವ ಒತ್ತಾಯಕ್ಕೆ ಬಗ್ಗಬೇಡಿ, ವಾಪಸ್ ಬಂದು ಎರಡು ದಿನ ಬಿಟ್ಟು ನೋಡಿ.

ಹೆಜ್ಜೆ 8: ಬಗ್ಗಿಸೋದೋ, ಹೊಸದು ತರೋದೋ

ರಿಪೋರ್ಟ್ ನೋಡಿದರೆ ಒಂದೆರಡು ಡಿಗ್ರಿಯ ವ್ಯತ್ಯಾಸ ಅಷ್ಟೇ ಅಂತಾದರೆ ಇರುವ ಐರನ್‌ಗಳನ್ನೇ ಬಗ್ಗಿಸಬಹುದು. ತಲೆ ಫೋರ್ಜ್ಡೋ (ಬಡಿದು ಮಾಡಿದ್ದೋ) ಕಾಸ್ಟೋ (ಎರಕ ಹೊಯ್ದದ್ದೋ) ಅನ್ನೋದು ಇಲ್ಲಿ ಮುಖ್ಯ. ಉದ್ಯಮಬಾಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೋರ್ಜ್ಡ್ ಐರನ್ ಸಾಮಾನ್ಯವಾಗಿ ಮೆತ್ತನೆಯ ಕಾರ್ಬನ್ ಸ್ಟೀಲ್, ಎರಡು ಮೂರು ಡಿಗ್ರಿ ಆರಾಮಾಗಿ ಬಗ್ಗುತ್ತದೆ. ಎರಕದ ಕ್ಲಬ್ಬುಗಳಿಗೆ ಬಳಸುವ 17-4 ಸ್ಟೇನ್‌ಲೆಸ್ ಸ್ಟೀಲ್ ಬಿರುಸು. ಒಂದು ಡಿಗ್ರಿ, ಹೆಚ್ಚೆಂದರೆ ಎರಡು. ಅದಕ್ಕೂ ಮೀರಿದರೆ ಶಾಫ್ಟ್ ಸೇರುವ ಕತ್ತಿನಲ್ಲಿ, ಹೋಸೆಲ್‌ನಲ್ಲಿ ಬಿರುಕು ಬಿಡಬಹುದು. ಹೊಸ ಥರದ ಟೊಳ್ಳು ತಲೆಯ ಐರನ್‌ಗಳನ್ನು ಕಂಪನಿಯನ್ನು ಕೇಳದೆ ಮುಟ್ಟಬೇಡಿ.

ಈ ಕೆಲಸಕ್ಕೆ ಲಾಫ್ಟ್-ಲೈ ಮಷಿನ್ ಅಂತಲೇ ಇದೆ. ಅದು ತಲೆಯನ್ನು ಫೇಸ್ ಕೆಡದ ಹಾಗೆ ಹಿಡಿದು, ಬಗ್ಗಿಸುವಾಗಲೇ ಎರಡೂ ಕೋನ ತೋರಿಸುತ್ತದೆ. ಮಷಿನ್ ಶಾಪಿನ ಬೆಂಚ್ ವೈಸ್‌ನಲ್ಲಿ ಹಿಡಿದರೆ ಒಂದು ಡಿಗ್ರಿ ಲಾಫ್ಟ್ ಸರಿಮಾಡಲು ಹೋಗಿ ಎರಡು ಡಿಗ್ರಿ ಲೈ ಕೆಡುತ್ತದೆ. ಗ್ಯಾಸ್ ಹಚ್ಚಿ ಕಾಯಿಸಿದರಂತೂ ಶಾಫ್ಟ್ ಅಂಟಿಸಿರುವ ಎಪಾಕ್ಸಿ ಬಿಟ್ಟುಕೊಳ್ಳುತ್ತದೆ. ಸ್ವಿಂಗ್ ಮಾಡುವಾಗ ತಲೆ ಹಾರಿಹೋಗುವುದು ತಮಾಷೆಯ ವಿಷಯ ಅಲ್ಲ.

ಲಾಫ್ಟ್ ಒಂದು ಡಿಗ್ರಿ ಕಡಿಮೆ ಮಾಡಿದರೆ ಬೌನ್ಸ್ ಕೂಡ ಒಂದು ಡಿಗ್ರಿ ಇಳಿಯುತ್ತದೆ, ಏರಿಸಿದರೆ ಏರುತ್ತದೆ. 56.10 ವೆಜ್ಜನ್ನು 54ಕ್ಕೆ ತಂದರೆ ಬೌನ್ಸ್ 8 ಆಯಿತು. ಜುಲೈ ತಿಂಗಳ ಬೆಳಗಾವಿಗೆ ಅದು ಕಡಿಮೆಯೇ.

ಹೆಜ್ಜೆ 9: ಡ್ರೈವರ್

ಇಲ್ಲಿ ಗಣಿತಕ್ಕಿಂತ ಗಂಡಸುತನ ಅಡ್ಡ ಬರುತ್ತದೆ. 9 ಡಿಗ್ರಿಯ ಡ್ರೈವರ್ ಹಿಡಿದರೆ ಘನತೆ ಅಂತ ಬಹಳ ಜನಕ್ಕೆ ಅನಿಸಿದೆ. ಸ್ವಿಂಗ್ ವೇಗ ಗಂಟೆಗೆ 85 ಮೈಲಿಯ ಆಸುಪಾಸು ಇರುವವರಿಗೆ 11ರಿಂದ 12 ಡಿಗ್ರಿಯೇ ಹೆಚ್ಚು ದೂರ ಕೊಡುತ್ತದೆ. ನೇರವೂ ಹೋಗುತ್ತದೆ, ಯಾಕಂದರೆ ಲಾಫ್ಟ್ ಕಡಿಮೆ ಇದ್ದಷ್ಟೂ ಅದೇ ತಪ್ಪಿಗೆ ಚೆಂಡು ಪಕ್ಕಕ್ಕೆ ಜಾಸ್ತಿ ತಿರುಗುತ್ತದೆ.

ಕತ್ತಿನಲ್ಲಿ ತಿರುಗಿಸುವ ಹೋಸೆಲ್ ಇರುವ ಡ್ರೈವರ್ ಆದರೆ ಒಂದೂವರೆ ಎರಡು ಡಿಗ್ರಿ ಹೊಂದಿಸಿಕೊಳ್ಳಬಹುದು. ಆದರೆ ಲಾಫ್ಟ್ ಏರಿಸಿದಾಗ ಫೇಸ್ ಸ್ವಲ್ಪ ಮುಚ್ಚುತ್ತದೆ, ಇಳಿಸಿದಾಗ ತೆರೆಯುತ್ತದೆ. ಸ್ಲೈಸ್ ಮಾಡುವವರು, ಅಂದರೆ ಚೆಂಡು ಬಲಕ್ಕೆ ಬಾಗಿ ಹೋಗುವವರು, ದೂರದ ಆಸೆಗೆ ಲಾಫ್ಟ್ ಇಳಿಸಿದರೆ ಸ್ಲೈಸ್ ಇನ್ನಷ್ಟು ಜಾಸ್ತಿಯಾಗುತ್ತದೆ. ಆ ತಿರುಗಿಸುವ ಕೀಲಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಆಟ ಶುರುವಾದ ಮೇಲೆ ಕ್ಲಬ್ಬಿನ ಹೊಂದಾಣಿಕೆ ಬದಲಿಸುವುದು ನಿಯಮಕ್ಕೆ ವಿರುದ್ಧ.

ಹೆಜ್ಜೆ 10: ಪೆಟ್ಟಿಗೆ ಬಂದ ದಿನ

ಆರ್ಡರ್ ಕೊಟ್ಟ ಸೆಟ್ ಬಂದ ಕೂಡಲೇ ಮೈದಾನಕ್ಕೆ ಓಡಬೇಡಿ. ಪ್ಲಾಸ್ಟಿಕ್ ಕವರ್ ಬಿಚ್ಚಿ, ಮೂರನೇ ಹೆಜ್ಜೆಯ ಹಾಗೆಯೇ ಮತ್ತೆ ಅಳೆಯಿರಿ. ಫಿಟ್ಟಿಂಗ್ ಪ್ರಿಂಟ್ ಪಕ್ಕದಲ್ಲಿ ಇರಲಿ. ಕಾರ್ಖಾನೆಯಿಂದ ಬಂದದ್ದರಲ್ಲೂ ಒಂದು ಡಿಗ್ರಿ ಆಚೆ ಈಚೆ ಇರುವುದು ಮಾಮೂಲು. ನಿಮ್ಮ ಆರು ನಂಬರ್ ಒಂದು ಡಿಗ್ರಿ ಮೇಲೆ, ಏಳು ನಂಬರ್ ಒಂದು ಡಿಗ್ರಿ ಕೆಳಗೆ ಇದ್ದರೆ ಮಾತ್ರ 4ರ ಅಂತರ 2ಕ್ಕೆ ಇಳಿಯುತ್ತದೆ, ಎರಡು ಕ್ಲಬ್ ಹೆಚ್ಚುಕಡಿಮೆ ಒಂದೇ ದೂರ ಹೋಗುತ್ತವೆ. ಹಾಗೆ ಕಂಡರೆ ಒಂದು ಸುತ್ತೂ ಆಡದೆ ಫೋಟೊ ತೆಗೆದು ಫಿಟ್ಟರ್‌ಗೆ ಕಳಿಸಿ, ಸರಿ ಮಾಡಿಕೊಡಲು ಹೇಳಿ. ತಳಕ್ಕೆ ಮಣ್ಣು ಹತ್ತಿದ ಮೇಲೆ ಈ ಮಾತು ಎತ್ತಿದರೆ ಬರೀ ವಾದವೇ ಆಗುತ್ತದೆ.

ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಅಳೆಯುವುದರ ಜೊತೆಗೆ ಹೋಸೆಲ್ ಮೇಲಿನ ಸೀರಿಯಲ್ ನಂಬರ್ ಕೂಡ ನೋಡಿ, ನಕಲಿ ಕ್ಲಬ್ಬುಗಳು ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಫೋರ್ಜ್ಡ್ ಸೆಟ್ ಇರುವವರು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಲಾಫ್ಟ್ ಮತ್ತು ಲೈ ಎರಡನ್ನೂ ಪರೀಕ್ಷೆ ಮಾಡಿಸಿ. ಕಾಸ್ಟ್ ಸೆಟ್‌ಗೆ ಅಷ್ಟು ಅವಸರ ಇಲ್ಲ.